ಲಾಂಗ್ ಬ್ಲ್ಯಾಕ್ ವೇಲ್: ಒಂದೇ ಹಾಡು, ಎಷ್ಟೊಂದು ಗಂಟಲು, ಯಾರದ್ದು ಕೇಳ್ಬೇಕು?

ಅಮೆರಿಕದ ಕಂಟ್ರಿ ಹಾಡುಗಳಲ್ಲಿ, ಅಂದ್ರೆ ಅಲ್ಲಿನ ಹಳ್ಳಿಗಾಡಿನ ಧಾಟಿಯ ಹಾಡುಗಳಲ್ಲಿ, ಕತೆ ಹೇಳೋ ಹಾಡು ಅಂದ್ರೆ ನನ್ನ ಲೆಕ್ಕದಲ್ಲಿ ಮೊದಲು ಬರೋದು 'ಲಾಂಗ್ ಬ್ಲ್ಯಾಕ್ ವೇಲ್', ಅಂದ್ರೆ ಉದ್ದನೆ ಕಪ್ಪು ಮುಸುಕು. ಇದನ್ನ ಎಷ್ಟು ಜನ ರೆಕಾರ್ಡ್ ಮಾಡಿದಾರೆ ಅಂದ್ರೆ ಹುಡುಕ್ತಾ ಹೋದಷ್ಟೂ ಇನ್ನೊಂದು ಸಿಗ್ತಾನೇ ಇರುತ್ತೆ. ಮುಖ್ಯವಾದವನ್ನ ಒಂದೇ ಹೆಡ್‌ಫೋನಲ್ಲಿ, ಒಂದೇ ವಾಲ್ಯೂಮಲ್ಲಿ ಒಂದರ ಹಿಂದೆ ಒಂದು ಹಾಕ್ಕೊಂಡು ಕೇಳಿದೀನಿ, ಅದನ್ನೇ ಇಲ್ಲಿ ಬರೀತಿದೀನಿ.

ಕತೆ ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಹತ್ತು ವರ್ಷದ ಹಿಂದೆ ಒಂದು ಚಳಿ ರಾತ್ರಿ ಟೌನ್ ಹಾಲ್ ದೀಪದ ಕೆಳಗೆ ಒಂದು ಕೊಲೆ ಆಗುತ್ತೆ, ನೋಡಿದ ಕೆಲವೇ ಜನ ಓಡಿಹೋದೋನು ಈ ಹಾಡು ಹೇಳ್ತಿರೋನ ಥರಾನೇ ಇದ್ದ ಅಂತಾರೆ. ಜಡ್ಜ್ ಆ ಹೊತ್ತಲ್ಲಿ ಎಲ್ಲಿದ್ದೆ ಅಂತ ಕೇಳಿದಾಗ ನಿಜ ಹೇಳಿದ್ರೆ ಪ್ರಾಣ ಉಳಿಯುತ್ತೆ, ಆದ್ರೆ ಇವನಿದ್ದಿದ್ದು ಜೀವದ ಗೆಳೆಯನ ಹೆಂಡ್ತಿ ಜೊತೆ. ಬಾಯಿ ಬಿಡಲ್ಲ, ಗಲ್ಲಿಗೇರ್ತಾನೆ. ಅವಳೂ ಜನರ ಮಧ್ಯೆ ನಿಂತಿರ್ತಾಳೆ, ಒಂದು ಹನಿ ಕಣ್ಣೀರು ಹಾಕಲ್ಲ. ಈಗ ರಾತ್ರಿ ಹೊತ್ತು ಕಪ್ಪು ಮುಸುಕು ಹಾಕ್ಕೊಂಡು ಇವನ ಸಮಾಧಿಗೆ ಬರ್ತಾಳೆ, ಅದು ಇವನೊಬ್ಬನಿಗೇ ಗೊತ್ತು. ಅಂದ್ರೆ ಹಾಡ್ತಿರೋನು ಸತ್ತೋನು! ನನಗೆ ಎಲ್ಲಾ ನಿಂತಿರೋದು ಇದರ ಮೇಲೇನೇ. ಇಬ್ರೂ ಅಳದೇ ಇರೋದಕ್ಕೇ ಗುಟ್ಟು ಉಳ್ಕೊಂಡಿರೋದು, ಹಾಗಿರೋವಾಗ ಹಾಡೋರು ಅತ್ತುಬಿಟ್ರೆ ಕತೇನೇ ಸುಳ್ಳಾಗುತ್ತೆ.

ಕೇಳಿದ್ರೆ ನೂರಿನ್ನೂರು ವರ್ಷದ ಜಾನಪದ ಅನ್ಸುತ್ತೆ, ಆದ್ರೆ ಡ್ಯಾನಿ ಡಿಲ್, ಮೇರಿಜಾನ್ ವಿಲ್ಕಿನ್ ಸೇರಿ ಬರೆದಿದ್ದು, ಮೊದಲು ರೆಕಾರ್ಡ್ ಆಗಿದ್ದು 1959ರಲ್ಲಿ ನ್ಯಾಶ್‌ವಿಲ್‌ನಲ್ಲಿ. ಡಿಲ್‌ಗೆ ಬೇಕಿದ್ದಿದ್ದೂ ಹಳೇ ಜಾನಪದದ ಥರ ಕೇಳಿಸೋ ಹೊಸ ಹಾಡೇ. ಸಿನಿಮಾ ನಟ ರುಡಾಲ್ಫ್ ವ್ಯಾಲೆಂಟಿನೋ ಸಮಾಧಿಗೆ ಕಪ್ಪು ಮುಸುಕಿನ ಹೆಂಗಸೊಬ್ಬಳು ಬರ್ತಾಳೆ ಅನ್ನೋ ಸುದ್ದಿ ಆಗ ಎಲ್ಲರಿಗೂ ಗೊತ್ತಿತ್ತು, ಮುಸುಕು ಬಂದಿದ್ದು ಅಲ್ಲಿಂದ.

ಮೊದಲು ಹಾಡಿದ್ದು ಲೆಫ್ಟಿ ಫ್ರಿಜೆಲ್, ಟೆಕ್ಸಸ್ಸಿನೋನು. 1951ರಲ್ಲಿ ಒಂದೇ ಟೈಮಲ್ಲಿ ಇವನ ನಾಕು ಹಾಡು ಕಂಟ್ರಿ ಟಾಪ್ ಟೆನ್‌ನಲ್ಲಿದ್ವು, ಆಮೇಲೆ ಹಿಟ್ ಕಮ್ಮಿಯಾಗಿ ಜನ ಮರೀತಿದ್ದಾಗ ಈ ಹಾಡು ಬಂದು ಆರನೇ ಸ್ಥಾನಕ್ಕೆ ಹೋಯ್ತು. ಇವನ ವಿಶೇಷ ಅಂದ್ರೆ ಸ್ವರಾಕ್ಷರಗಳನ್ನ ಎಳೆದು ಬಗ್ಗಿಸೋದು, ಆಮೇಲಿನ ಕಂಟ್ರಿ ಗಾಯಕ ಮರ್ಲ್ ಹ್ಯಾಗರ್ಡ್ ಥರದೋರು ಕಲಿತಿದ್ದು ಇದನ್ನೇ. ಆದ್ರೆ ಇಲ್ಲಿ ಆ ಎಳೆತಾನೂ ಹಿಡಿತದಲ್ಲಿ ಇಟ್ಕೊಂಡಿದಾನೆ. ವಾದ್ಯಗಳೂ ಕಮ್ಮಿ, ಜಡ್ಜ್ ಕೇಳಿದ ಪ್ರಶ್ನೇನೂ ಸಮಾಧಿ ಮೇಲಿನ ಗಾಳೀನೂ ಒಂದೇ ದನಿಯಲ್ಲಿ ಹೇಳ್ಕೊಂಡು ಹೋಗ್ತಾನೆ. ಯಾವ ದೂರೂ ಇಲ್ಲ, ಪಶ್ಚಾತ್ತಾಪಾನೂ ಇಲ್ಲ, ಎಲ್ಲಾ ಮುಗಿದು ಹತ್ತು ವರ್ಷ ಆಗಿರೋನು ಹೇಗೆ ಮಾತಾಡ್ಬೇಕೋ ಹಾಗೇ. ಇವನಷ್ಟು ನಿಜವಾಗಿ ಸತ್ತಿರೋನು ಬೇರೆ ಯಾರ ರೆಕಾರ್ಡಿಂಗಲ್ಲೂ ನನಗೆ ಸಿಕ್ಕಿಲ್ಲ.

ಕಂಟ್ರಿ ಗಾಯಕ ಜಾನಿ ಕ್ಯಾಶ್ 1965ರ ಸ್ಟುಡಿಯೋ ಆಲ್ಬಮ್ಮಲ್ಲಿ ಹಾಡಿದಾನೆ, ಅದು ಚೆನ್ನಾಗೇ ಇದೆ, ಆದ್ರೆ ಕೇಳ್ಬೇಕಾಗಿರೋದು 1968ರ ಜನವರಿ 13ಕ್ಕೆ ಕ್ಯಾಲಿಫೋರ್ನಿಯಾದ ಫಾಲ್ಸಮ್ ಜೈಲಲ್ಲಿ ಹಾಡಿದ್ದು. ಎದುರಿಗೆ ಕೂತಿರೋರೆಲ್ಲ ಕೈದಿಗಳು, ಹಾಡು ತಪ್ಪು ಮಾಡದೇ ಗಲ್ಲಿಗೇರಿದೋನ್ದು. ಗೆಳೆಯನ ಹೆಂಡ್ತಿ ಅನ್ನೋ ಸಾಲು ಬರ್ತಿದ್ದಂಗೆ ಜನರ ಮಧ್ಯೆಯಿಂದ ಸದ್ದು ಬರುತ್ತೆ, ಕ್ಯಾಶ್‌ಗೂ ನಗು. ಕತೆಗೆ ಒಂದು ಕ್ಷಣ ಏಟು ಬೀಳುತ್ತೆ ನಿಜ, ಆದ್ರೂ ನಾನು ಅದನ್ನ ತಪ್ಪು ಅನ್ನಲ್ಲ, ಯಾಕಂದ್ರೆ ಕೋರ್ಟು, ಜಡ್ಜು, ಸಾಕ್ಷಿ ಎಲ್ಲಾ ಕಂಡೋರು ಈ ಕತೇನ ತಮ್ಮದು ಅಂತ ಕೇಳ್ತಿರೋದು ಅಲ್ಲಿ ಗೊತ್ತಾಗುತ್ತೆ, ಅದು ಯಾವ ಸ್ಟುಡಿಯೋದಲ್ಲೂ ಸಿಗಲ್ಲ. ಕ್ಯಾಶ್ ದನಿ ಮಾತ್ರ ಸತ್ತೋನ ದನಿ ಅಲ್ಲ, ಕಟಕಟೆಯಲ್ಲಿ ನಿಂತು ಹೇಳಿಕೆ ಕೊಡೋನ ದನಿ.

ಜಾನಪದ ಗಾಯಕಿ ಜೋನ್ ಬಯೇಜ್ 1963ರ ಕಾನ್ಸರ್ಟ್ ರೆಕಾರ್ಡಲ್ಲಿ ಹಾಡಿದಾಳೆ. ಗಂಡಸಿನ ಮಾತುಗಳನ್ನ ಹೆಂಗಸಿಗೆ ಅಂತ ಬದಲಾಯಿಸದೇ ಹಾಗೇ ಹಾಡ್ತಾಳೆ, ಮೊದಮೊದಲು ವಿಚಿತ್ರ ಅನ್ಸುತ್ತೆ. ಆಮೇಲೆ ಕೇಳ್ತಾ ಕೇಳ್ತಾ ನನಗೆ ಅನ್ಸಿದ್ದು ಏನಂದ್ರೆ ಇದು ಆ ಮುಸುಕಿನ ಹೆಂಗಸೇ ಸಮಾಧಿ ಹತ್ರ ನಿಂತು ಅವನು ಹೇಳದೇ ಉಳಿಸಿದ್ದನ್ನ ಅವನ ಪರವಾಗಿ ಹೇಳ್ತಿರೋ ಹಾಗಿದೆ, ಆ ಯೋಚನೆ ಬಂದ್ಮೇಲೆ ಆ ಎತ್ತರದ ತಿಳಿಯಾದ ದನಿ ಕೇಳೋದೇ ಕಷ್ಟ ಆಗುತ್ತೆ, ಅಷ್ಟು ನಾಟುತ್ತೆ.

'ದ ಬ್ಯಾಂಡ್' ಅನ್ನೋ ಹೆಸರಿನ ರಾಕ್ ತಂಡ ಹಾಡಿದ್ದು 1968ರ 'ಮ್ಯೂಸಿಕ್ ಫ್ರಮ್ ಬಿಗ್ ಪಿಂಕ್' ಆಲ್ಬಮ್ಮಲ್ಲಿ. ಮುಖ್ಯ ದನಿ ರಿಕ್ ಡ್ಯಾಂಕೋದು, ನಡುಗೋ ದನಿ, ಹುಡುಗನ ದನಿ. ನಾನು ಮೇಲೆ ಹೇಳಿದ ಲೆಕ್ಕದಲ್ಲಿ ಇದು ಸೋಲ್ಬೇಕು, ಯಾಕಂದ್ರೆ ಇವನು ಇನ್ನೂ ಸತ್ತೇ ಇಲ್ಲ, ಗಲ್ಲಿನ ಮೆಟ್ಲ ಮೇಲೆ ನಿಂತಿದಾನೆ, ಭಯ ಇದೆ. ಆದ್ರೆ ಭಯ ಬೇರೆ ಅಳು ಬೇರೆ, ಇವನು ಅಳಲ್ಲ. ಕೋರಸ್ ಬಂದಾಗ ಉಳಿದೋರ ದನಿ ಪಕ್ಕಕ್ಕೆ ಸೇರುತ್ತಲ್ಲ, ನುಣ್ಣಗೆ ಕೂಡಲ್ಲ, ಒಬ್ಬೊಬ್ಬರದ್ದೂ ಬೇರೆ ಬೇರೆಯಾಗಿ ಕೇಳಿಸುತ್ತೆ, ಅದು ನನಗೆ ತುಂಬಾ ಇಷ್ಟ. ಲೆಫ್ಟಿ ಆದ್ಮೇಲೆ ಎರಡನೇ ಜಾಗ ಇವರಿಗೇ.

ಆಸ್ಟ್ರೇಲಿಯಾದ ರಾಕ್ ಗಾಯಕ ನಿಕ್ ಕೇವ್ 1986ರಲ್ಲಿ ಹಾಡಿದ ವರ್ಶನ್ ನನಗೆ ಹಿಡಿಸಲಿಲ್ಲ. ಸಮಾಧಿ, ರಾತ್ರಿ, ಗಾಳಿ ಇವೇ ಮುಂದೆ ಬಂದು ಮನುಷ್ಯ ಹಿಂದೆ ಹೋಗ್ಬಿಡ್ತಾನೆ. 1995ರಲ್ಲಿ ಐರಿಷ್ ತಂಡ ದ ಚೀಫ್‌ಟನ್ಸ್ ಜೊತೆ ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಜಾಗರ್ ಹಾಡಿದ್ದು ಇದಕ್ಕಿಂತ ವಾಸಿ, ಆಲ್ಬಮ್ಮಿಗೂ ಇದೇ ಹೆಸರು. ಐರ್ಲೆಂಡ್ ವಾದ್ಯಗಳ ನಡುವೆ ಹಾಡು ಇನ್ನೂ ಹಳೇದು ಅನ್ಸುತ್ತೆ, ಆದ್ರೆ ಜಾಗರ್ ಪದಗಳನ್ನ ಬೇಕು ಅಂತಲೇ ಎಳೀತಾನೆ, ಲೆಫ್ಟಿಗೆ ತಾನಾಗೇ ಬಂದಿದ್ದನ್ನ ಇವನು ಹಾಕ್ಕೊಂಡಿರೋ ಹಾಗೆ.

ಕೊನೇದು ರೋಸನ್ ಕ್ಯಾಶ್, ಜಾನಿ ಕ್ಯಾಶ್ ಮಗಳು. ಹದಿನೆಂಟು ವರ್ಷದವಳಿದ್ದಾಗ ಅಪ್ಪ ಇವು ನಿಂಗೆ ಗೊತ್ತಿರ್ಲೇಬೇಕು ಅಂತ 100 ಹಾಡಿನ ಪಟ್ಟಿ ಕೊಟ್ಟಿದ್ದ, ಅದರಿಂದ ಆರಿಸಿ 2009ರಲ್ಲಿ 'ದ ಲಿಸ್ಟ್' ಅಂತ ಆಲ್ಬಮ್ ಮಾಡಿದ್ಲು, ಅದರಲ್ಲಿ ಈ ಹಾಡಿಗೆ ವಿಲ್ಕೋ ಅನ್ನೋ ರಾಕ್ ತಂಡದ ಗಾಯಕ ಜೆಫ್ ಟ್ವೀಡಿ ಜೊತೆಗಿದಾನೆ. ಮೆತ್ತಗೆ, ಅವಸರ ಇಲ್ದೇ ಹಾಡಿದಾಳೆ, ಅಪ್ಪನ್ನ ನಕಲು ಮಾಡೋಕೆ ಹೋಗಿಲ್ಲ. ಫಾಲ್ಸಮ್ಮಿನ ಗದ್ದಲ ಕೇಳಿದ ತಕ್ಷಣ ಇದನ್ನ ಹಾಕಿದ್ರೆ ವ್ಯತ್ಯಾಸ ಎದ್ದು ಕಾಣುತ್ತೆ.

ಹೊಸದಾಗಿ ಕೇಳೋರು ದ ಬ್ಯಾಂಡಿಂದ ಶುರು ಮಾಡಿ, ಆಮೇಲೆ ಬಯೇಜ್, ಅಪ್ಪ ಮಗಳು ಇಬ್ಬರದ್ದೂ ಒಟ್ಟಿಗೆ, ಲೆಫ್ಟಿನ ಕೊನೆಗೆ ಇಟ್ಕೊಳ್ಳಿ. ಮೊದಲೇ ಅವನದ್ದು ಕೇಳಿದ್ರೆ ಏನೂ ಮಾಡ್ತಿಲ್ವಲ್ಲ ಇವನು ಅನ್ಸಿ ಮುಂದಕ್ಕೆ ಹೋಗ್ಬಿಡ್ತೀರಿ, ಅವನು ಏನೇನು ಮಾಡದೇ ಬಿಟ್ಟಿದಾನೆ ಅನ್ನೋದು ಉಳಿದೋರನ್ನ ಕೇಳಿದ್ಮೇಲೇ ಗೊತ್ತಾಗೋದು.