ಪಾಪಾಸುಕಳ್ಳಿ ರಸ, ಬಾಟಲಿಯದ್ದೂ ಮನೆಯದ್ದೂ: ಲೋಳೆ ತೆಗೆದರೆ ಉಳಿಯುವುದೇನು?

ಬಾಟಲಿಯಲ್ಲಿ ಬರುವ ಪಾಪಾಸುಕಳ್ಳಿ ರಸಕ್ಕೆ ನಾನು ಒಂದು ಸ್ಟಾರ್‌ಗಿಂತ ಹೆಚ್ಚು ಕೊಡುವುದಿಲ್ಲ. ಆ ಒಂದೂ ಪ್ಯಾಕಿಂಗ್‌ಗೆ. ಹನಿ ಸೋರದೆ ಬಸವನಗುಡಿಯ ನಮ್ಮ ಮನೆ ತಲುಪಿತು. ಕಂಪನಿ ಹೆಸರು ಬರೆಯುವುದಿಲ್ಲ. ಆಮೇಲೆ ಅಂಗಡಿಯಲ್ಲಿ ಇನ್ನೆರಡು ಬಾಟಲಿ ತಿರುಗಿಸಿ ನೋಡಿದೆ, ಅವುಗಳ ಹಿಂಬದಿಯೂ ಹೆಚ್ಚುಕಡಿಮೆ ಇದೇ ತರ ಇತ್ತು. ಒಬ್ಬರನ್ನೇ ಬೈದು ಏನು ಪ್ರಯೋಜನ?

ನನ್ನ ವಿಷಯ ಇಷ್ಟು: ಸಕ್ಕರೆ ಕಾಯಿಲೆ, ಅದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ, 7ರ ಆಚೀಚೆ ಓಲಾಡುತ್ತಿರುತ್ತದೆ. ಬೆಳಿಗ್ಗೆ ಲಾಲ್‌ಬಾಗಿನಲ್ಲಿ ವಾಕಿಂಗ್. ಅಲ್ಲಿಗೆ ಬರುವವರಿಗೆಲ್ಲ ಗೊತ್ತು, ಗೇಟಿನಾಚೆ ಹಾಗಲಕಾಯಿ, ನೆಲ್ಲಿಕಾಯಿ, ಬೂದುಗುಂಬಳ ಅಂತ ರಸ ಮಾರುವವರು ಇರುತ್ತಾರೆ. ಲೋಟ ಹಿಡಿದು ನಿಂತವರ ಮಾತು ಡಾಕ್ಟರ ಮಾತಿಗಿಂತ ಬೇಗ ಕಿವಿಗೆ ಇಳಿಯುತ್ತದೆ. ಕಳ್ಳಿ ರಸದ ಸುದ್ದಿ ನನಗೆ ಸಿಕ್ಕಿದ್ದೂ ಅಲ್ಲೇ. "ಮೆಕ್ಸಿಕೋದಲ್ಲಿ ದಿನಾ ತಿಂತಾರಂತೆ ಮೇಡಂ, ಅದಕ್ಕೇ ಅವರಿಗೆ ಶುಗರೇ ಇಲ್ವಂತೆ" ಅಂದರು ಒಬ್ಬರು. ಮೊದಲನೇದು ನಿಜ. ಅಲ್ಲಿ ಅದನ್ನು ನೊಪಾಲ್ ಅಂತ ಕರೆದು ಸಂತೆಯಲ್ಲಿ ತರಕಾರಿಯಾಗಿಯೇ ಮಾರುತ್ತಾರೆ. ಎರಡನೇದು ಶುದ್ಧ ಸುಳ್ಳು; ಡಯಾಬಿಟಿಸ್ ಮೆಕ್ಸಿಕೋಗೂ ದೊಡ್ಡ ತಲೆನೋವೇ.

ಬಾಟಲಿಗೆ 500 ಚಿಲ್ಲರೆ ರೂಪಾಯಿ. ಮುಚ್ಚಳದಲ್ಲಿ 30 ಎಂಎಲ್ ಅಳೆದು, ಉಗುರುಬೆಚ್ಚಗಿನ ನೀರಿಗೆ ಬೆರೆಸಿ, ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ರುಚಿ ಕೆಟ್ಟದ್ದೇನಲ್ಲ. ಕೊಂಚ ಹುಳಿ, ಕೊಂಚ ಹಸಿ ಹುಲ್ಲಿನ ವಾಸನೆ, ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ಮುಂಭಾಗದ ಲೇಬಲ್ಲಿನಲ್ಲಿ ಹೆಮ್ಮೆಯಿಂದ ಬರೆದಿದ್ದರು: ಲೋಳೆ ಇಲ್ಲ, ನುಣುಪಾಗಿ ಸೋಸಿದ್ದು.

ಹಿಂಬದಿಯ ಅಕ್ಷರ ಇರುವೆ ಗಾತ್ರದ್ದು. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ಮೊದಲ ಹೆಸರೇ ನೀರು. ಆಮೇಲೆ ಕಳ್ಳಿಯ ಸಾರ, ಹುಳಿಗೆ ಸಿಟ್ರಿಕ್ ಆಸಿಡ್, ಕೆಡದಿರಲು ಸೋಡಿಯಂ ಬೆಂಜೊಯೇಟ್. ಪೋಷಕಾಂಶಗಳ ಪಟ್ಟಿಯಲ್ಲಿ ನಾರಿನಂಶ ಅನ್ನುವ ಸಾಲಿನ ಎದುರು 0.

ನನಗೆ ಸಿಟ್ಟು ಬಂದದ್ದು ಆ ಸೊನ್ನೆಗೆ. ಪಾಪಾಸುಕಳ್ಳಿ ತಿಂದರೆ ಊಟದ ನಂತರ ಸಕ್ಕರೆ ನಿಧಾನವಾಗಿ ಏರುವುದಕ್ಕೆ ಮುಖ್ಯ ಕಾರಣ ಅಂತ ಹೇಳುವುದೇ ಅದರ ನಾರು ಮತ್ತು ಲೋಳೆ. ಇವು ಹೊಟ್ಟೆಯಲ್ಲಿ ನೀರು ಹೀರಿ ಗಟ್ಟಿಯಾಗುತ್ತವೆ, ಜೊತೆಗೆ ತಿಂದ ಇಡ್ಲಿ, ಅನ್ನದ ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗದಂತೆ ತಡೆಯುತ್ತವೆ. ಆ ಲೋಳೆಯನ್ನೇ ಸೋಸಿ ತೆಗೆದು, ತೆಗೆದದ್ದೇ ದೊಡ್ಡಸ್ತಿಕೆ ಅಂತ ಮುಂದೆ ಅಚ್ಚುಹಾಕಿ, ಹುಳಿನೀರಿಗೆ 500 ರೂಪಾಯಿ ಇಸಕೊಂಡರೆ ಏನನ್ನಬೇಕು?

ಪ್ರಮಾಣದ ಲೆಕ್ಕವೂ ಕೂಡಿಬರುವುದಿಲ್ಲ. 1988ರಲ್ಲಿ ಪ್ರಕಟವಾದ ಮೆಕ್ಸಿಕೋದ ವೈದ್ಯರ ಅಧ್ಯಯನವೊಂದರಲ್ಲಿ ಟೈಪ್ 2 ರೋಗಿಗಳಿಗೆ ಸುಟ್ಟ ನೊಪಾಲ್ ತಿನ್ನಿಸಿ ನೋಡಿದರು, ಮೂರು ಗಂಟೆಯೊಳಗೆ ಸಕ್ಕರೆ ಇಳಿದದ್ದು ನಿಜ. ಕೊಟ್ಟದ್ದು ಎಷ್ಟು? 500 ಗ್ರಾಂ. 2014ರ ಇನ್ನೊಂದು ಅಧ್ಯಯನದಲ್ಲಿ ಬೆಳಗಿನ ತಿಂಡಿಯ ಜೊತೆ ಆವಿಯಲ್ಲಿ ಬೇಯಿಸಿದ್ದು 300 ಗ್ರಾಂ. ಒಣಗಿಸಿ ಪುಡಿ ಮಾಡಿದ ಕ್ಯಾಪ್ಸೂಲನ್ನೂ ಅದೇ ಮೆಕ್ಸಿಕೋದವರು ಪರೀಕ್ಷೆ ಮಾಡಿದ್ದಾರೆ. ಒಂದೇ ಸಲ 30 ಕ್ಯಾಪ್ಸೂಲ್ ನುಂಗಿಸಿದರೂ ಸಕ್ಕರೆ ತಕ್ಷಣಕ್ಕೆ ಇಳಿಯಲಿಲ್ಲ. ಎಲ್ಲವೂ ಕೆಲವೇ ಜನರ ಮೇಲೆ ಮಾಡಿದ ಸಣ್ಣ ಪರೀಕ್ಷೆಗಳು, ಅದೂ ಇರಲಿ. ಆದರೆ ತಟ್ಟೆ ತುಂಬ ತಿಂದವರ ಫಲಿತಾಂಶ ತೋರಿಸಿ ಮುಚ್ಚಳದ ಲೆಕ್ಕದಲ್ಲಿ ಮಾರುವುದು ಯಾವ ನ್ಯಾಯ?

ಬಾಟಲಿ ಅರ್ಧಕ್ಕೇ ನಿಲ್ಲಿಸಿದೆ. ಸಿದ್ದಾಪುರದ ನರ್ಸರಿಗಳ ಕಡೆ ಹೋಗಿ ಮುಳ್ಳಿಲ್ಲದ ಪಾಪಾಸುಕಳ್ಳಿ ಇದೆಯಾ ಅಂತ ಕೇಳಿದೆ. "ಶೋಗಾ ಮೇಡಂ?" ಅಂದ ಹುಡುಗ. "ತಿನ್ನೋಕೆ ಕಣಪ್ಪ" ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿ ಮೂಲೆಯಿಂದ ಒಂದು ಕುಂಡ ಎತ್ತಿಕೊಟ್ಟ. ಬಾಟಲಿಯ ಅರ್ಧ ಬೆಲೆಯೂ ಆಗಲಿಲ್ಲ.

ಗಿಡದ ವಿಷಯದಲ್ಲಿ ನನಗೆ ದೂರು ಕಡಿಮೆ. ಬೆಂಗಳೂರಿನ ಬಿಸಿಲು ಅದಕ್ಕೆ ಒಗ್ಗುತ್ತದೆ, ಇಲ್ಲಿನ ಜಿಟಿಜಿಟಿ ಮಳೆ ಒಗ್ಗುವುದಿಲ್ಲ. ಅರ್ಧಕ್ಕರ್ಧ ಮರಳು ಬೆರೆಸಿದ ಮಣ್ಣು, ತಳದಲ್ಲಿ ತೂತಿರುವ ಕುಂಡ, ಮಳೆಗಾಲದಲ್ಲಿ ಸಜ್ಜೆಯ ಕೆಳಗೆ ಜಾಗ, ಇಷ್ಟು ಸಾಕು. ಇನ್ನೊಂದು ಕುಂಡ ಬೇಕೆಂದರೆ ಒಂದು ಎಲೆ ಕೊಯ್ದು, ಕೊಯ್ದ ಜಾಗ ಒಣಗುವ ತನಕ ವಾರದ ಮಟ್ಟಿಗೆ ನೆರಳಲ್ಲಿಟ್ಟು, ಆಮೇಲೆ ನೆಟ್ಟರೆ ಬೇರು ಬಿಡುತ್ತದೆ. ತಂದ ಗಿಡದಲ್ಲಿ ಇದ್ದ ಎಲೆಗಳನ್ನು ಮಾತ್ರ ತಿನ್ನಬೇಡಿ. ನರ್ಸರಿಯಲ್ಲಿ ಯಾವ ಔಷಧಿ ಹೊಡೆದಿರುತ್ತಾರೋ. ಹೊಸದಾಗಿ ಚಿಗುರಿದ್ದು, ಅಂಗೈ ಅಗಲ ಆದಾಗ ಕೊಯ್ಯಬೇಕು. ಬಲಿತರೆ ಒಳಗೆ ನಾರು ಸೊಪ್ಪೆಯಾಗುತ್ತದೆ.

ಒಂದು ಸಲ ಎಲೆಗಳ ಮೇಲೆ ಬಿಳಿ ಹತ್ತಿ ಅಂಟಿದ ಹಾಗೆ ಕಾಣಿಸಿತು. ಬೆರಳಲ್ಲಿ ಒರೆಸಿದರೆ ಕೈಯೆಲ್ಲ ಕುಂಕುಮ ಕಲಸಿದ ಹಾಗೆ ಕೆಂಪು. ಹೆದರಿಕೊಂಡು ಹುಡುಕಿದ ಮೇಲೆ ತಿಳಿಯಿತು, ಬಣ್ಣಕ್ಕೆ ಹೆಸರಾದ ಕೊಚಿನೀಲ್ ಹುಳುವಿನ ಜಾತಿ ಇದು. ಚಿಕ್ಕನಾಯಕನಹಳ್ಳಿ ಕಡೆಯ ನಮ್ಮೂರಿನಲ್ಲಿ ಹಿಂದೆ ಕೆರೆ ಏರಿ ತುಂಬ ಪಾಪಾಸುಕಳ್ಳಿ ಇತ್ತು, ನಾಲಿಗೆ ಕೆಂಪಾಗುವ ಹಾಗೆ ಹಣ್ಣು ತಿನ್ನುತ್ತಿದ್ದೆವು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಹೊಲ, ಗೋಮಾಳ ನುಂಗಿ ಹಾಕುತ್ತಿದ್ದ ಆ ಕಳ್ಳಿಯನ್ನು ಹತೋಟಿಗೆ ತರಲೆಂದೇ 1926ರಲ್ಲಿ ಶ್ರೀಲಂಕಾದಿಂದ ದಕ್ಷಿಣ ಭಾರತಕ್ಕೆ ಈ ಜಾತಿಯ ಹುಳು ತರಿಸಿ ಬಿಟ್ಟಿದ್ದರು. ನನ್ನ ಕುಂಡಕ್ಕೆ ಸೋಪಿನ ನೀರು, ಹಳೆ ಟೂತ್ ಬ್ರಷ್ ಸಾಕಾಯಿತು. ತಿನ್ನುವ ಗಿಡಕ್ಕೆ ಬೇರೆ ಔಷಧಿ ಹೊಡೆಯುವುದಿಲ್ಲ.

ಬೇಲಿಯಲ್ಲಿ ಕಂಡ ಕಳ್ಳಿಯನ್ನೆಲ್ಲ ಮುರಿದು ತರಬೇಡಿ. ಮುರಿದಾಗ ಬಿಳಿ ಹಾಲು ಬಂದರೆ ಅದು ಬೇರೆಯೇ ಕುಲ. ಆ ಹಾಲು ವಿಷ, ಕಣ್ಣಿಗೆ ಬಿದ್ದರಂತೂ ಆಸ್ಪತ್ರೆಗೇ ಓಡಬೇಕು. ಪಾಪಾಸುಕಳ್ಳಿಯಲ್ಲಿ ಬರುವುದು ಹಾಲಲ್ಲ, ಬಣ್ಣವಿಲ್ಲದ ಲೋಳೆ.

ಈಗ ಅಡುಗೆಮನೆಗೆ ಬರೋಣ. ಮುಳ್ಳಿಲ್ಲದ್ದು ಅನ್ನುವುದು ಅರ್ಧ ಸತ್ಯ. ದೊಡ್ಡ ಮುಳ್ಳು ಇಲ್ಲ, ಆದರೆ ಎಲೆಯ ಮೇಲಿನ ಚುಕ್ಕಿಗಳಲ್ಲಿ ಕೂದಲಿಗಿಂತ ತೆಳ್ಳಗಿನ ಮುಳ್ಳಿನ ಗೊಂಚಲು ಅಡಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ದಿನವಿಡೀ ಗೊತ್ತಾಗುತ್ತಿರುತ್ತದೆ. ಹಾಗಾಗಿ ನಾನು ಎಲೆಯನ್ನು ಇಕ್ಕಳದಲ್ಲಿ ಹಿಡಿದು, ಸಣ್ಣ ಉರಿಯ ಮೇಲೆ ಹಪ್ಪಳ ಸುಡುವಂತೆ ಎರಡೂ ಕಡೆ ಆಡಿಸುತ್ತೇನೆ. ಚುಕ್ಕಿಗಳು ಚಟಪಟ ಅನ್ನುತ್ತವೆ, ಹಸಿರು ಸ್ವಲ್ಪ ಮಂಕಾಗುತ್ತದೆ. ಆಮೇಲೆ ನಲ್ಲಿಯ ಕೆಳಗೆ ಹಿಡಿದು ಚಾಕುವಿನಲ್ಲಿ ಹೆರೆದು, ಸುತ್ತಲಿನ ಅಂಚು ಕತ್ತರಿಸಿ ತೆಗೆದರೆ ಎಲೆ ಸಿದ್ಧ. ಬೆರಳಿಗೆ ಚುಚ್ಚಿದ್ದಕ್ಕೆ ಸೆಲ್ಲೋಟೇಪ್ ಅಂಟಿಸಿ ಕಿತ್ತರೆ ಬರುತ್ತದೆ.

ರಸಕ್ಕೆ ಅರ್ಧ ಎಲೆ, ಒಂದು ಲೋಟ ಮಜ್ಜಿಗೆ, ಶುಂಠಿ, ಜೀರಿಗೆ, ಉಪ್ಪು. ಮಿಕ್ಸಿಯಲ್ಲಿ ತಿರುಗಿಸಿದರೆ ಹಸಿರು ನೊರೆ ಮೇಲೇಳುತ್ತದೆ. ಸೋಸಬಾರದು. ಸೋಸಲು ಹೋದರೂ ಟೀ ಜರಡಿ ಕಟ್ಟಿಕೊಂಡು ಕೂರುತ್ತದೆ, ನಾನು ನೋಡಿದ್ದೇನೆ. ಮಾಡಿದ ತಕ್ಷಣ ಕುಡಿದರೆ ಮಸಾಲೆ ಮಜ್ಜಿಗೆಯೇ ಸರಿ. ಫೋನ್ ಬಂತು ಅಂತ ಹತ್ತು ನಿಮಿಷ ಇಟ್ಟರೆ ಲೋಟ ವಾಲಿಸಿದಾಗ ಒಂದೇ ಮುದ್ದೆಯಾಗಿ ತುಟಿಗೆ ಬರುತ್ತದೆ, ಲೋಟ ಕೆಳಗಿಳಿಸಿದರೂ ತುಟಿಯಿಂದ ದಾರ ಕಡಿಯುವುದಿಲ್ಲ. ನಮ್ಮ ಮಗಳು ಆ ಹೊತ್ತಿಗೆ ಅಡುಗೆಮನೆಗೇ ಬರುವುದಿಲ್ಲ.

ಕುಡಿಯುವುದು ಒಂದು ನಿಮಿಷ, ಜಾರ್ ತೊಳೆಯುವುದು ಹದಿನೈದು ನಿಮಿಷ. ತಣ್ಣೀರು ಹಾಕಿದಷ್ಟೂ ಲೋಳೆ ಜಾರುತ್ತದೆ, ಹೋಗುವುದಿಲ್ಲ. ಬ್ಲೇಡಿನ ಅಡಿಯಲ್ಲಿ, ಮುಚ್ಚಳದ ರಬ್ಬರಿನ ಸಂದಿಯಲ್ಲಿ ಕೂತದ್ದು ಸಂಜೆಗೆ ಒಣಗಿ ಗೋಂದಾಗಿರುತ್ತದೆ. ಬಿಸಿನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಒಂದು ಸುತ್ತು ತಿರುಗಿಸಿ, ರಬ್ಬರ್ ಬಿಚ್ಚಿ ಬೇರೆ ತೊಳೆಯುವುದು ನಾನು ಕಂಡುಕೊಂಡ ದಾರಿ. "ಇದೇ ಮಿಕ್ಸೀಲಿ ಚಟ್ನಿನೂ ಆಗ್ಬೇಕು ಕಣಮ್ಮಾ" ಅಂತ ಅತ್ತೆ ಬಾಗಿಲಲ್ಲಿ ನಿಂತು ಹೇಳಿದ ಮೇಲೆ ರಸದ ಉತ್ಸಾಹ ಇಳಿಯುತ್ತಾ ಬಂತು.

ಇಷ್ಟರಲ್ಲಿ ಪಲ್ಯ ಮಾಡಿ ನೋಡದೇ ಇದ್ದಿದ್ದರೆ ಗಿಡವನ್ನೂ ಯಾರಿಗಾದರೂ ಕೊಟ್ಟುಬಿಡುತ್ತಿದ್ದೆ. ಬೆಂಡೆಕಾಯಿಗೆ ಮಾಡುವಂತೆಯೇ, ಹೆಚ್ಚಿದ ಮೇಲೆ ನೀರು ಸೋಕಿಸಬಾರದು. ತೆಳ್ಳಗೆ ಉದ್ದುದ್ದ ಹೆಚ್ಚಿ, ಅಗಲ ಬಾಣಲೆಯಲ್ಲಿ ಒಗ್ಗರಣೆಗೆ ಹಾಕಿ, ಮುಚ್ಚಳ ಮುಚ್ಚದೆ ಬಿಡಬೇಕು. ಮೊದಲು ಲೋಳೆಯೆಲ್ಲ ಹೊರಗೆ ಬಂದು ಗುಳ್ಳೆ ಗುಳ್ಳೆಯಾಗಿ ಕುದಿಯುತ್ತದೆ. ಇದು ಕೆಟ್ಟಿತು ಅನ್ನಿಸುತ್ತದೆ. ಕೈ ಹಾಕಬೇಡಿ. ಸ್ವಲ್ಪ ಹೊತ್ತಿಗೆ ನೀರು ಇಂಗಿ, ಲೋಳೆ ಚೂರುಗಳಿಗೇ ಅಂಟಿ ಒಣಗಿ, ಬಣ್ಣ ಆಲಿವ್ ಹಸಿರಿಗೆ ತಿರುಗುತ್ತದೆ. ಆಗ ಈರುಳ್ಳಿ, ಹಸಿಮೆಣಸು, ಕೊನೆಗೆ ಕಾಯಿತುರಿ. ಹುರುಳಿಕಾಯಿಯ ಕಚ್ಚು, ಮಾವಿನಕಾಯಿಯ ದೂರದ ಹುಳಿ. ಸಕ್ಕರೆ ಕಾಯಿಲೆ ಇಲ್ಲದ ನಮ್ಮನೆಯವರೇ ಮುದ್ದೆ ಜೊತೆ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ.

ಹುಳಿಯ ಹದ ಗಡಿಯಾರದ ಕೈಯಲ್ಲಿದೆ. ಈ ಗಿಡ ರಾತ್ರಿ ಹೊತ್ತು ಗಾಳಿ ಎಳೆದುಕೊಂಡು ಆಮ್ಲ ಮಾಡಿ ಕೂಡಿಡುತ್ತದೆ, ಹಗಲು ಬಿಸಿಲಿನಲ್ಲಿ ಅದನ್ನು ಖರ್ಚು ಮಾಡುತ್ತದೆ. ಹಾಗಾಗಿ ಬೆಳಗಿನ ಜಾವ ಕೊಯ್ದ ಎಲೆ ಹುಳಿ, ಸಂಜೆ ಕೊಯ್ದದ್ದು ಸಪ್ಪೆ. ವಾಕಿಂಗ್‌ಗೆ ಹೊರಡುವ ಮುಂಚೆ ಕೊಯ್ದರೆ ಪಲ್ಯಕ್ಕೆ ನಿಂಬೆಹಣ್ಣು ಬೇಡ. ಎದೆಯುರಿ ಇರುವ ಅತ್ತೆಗೆ ಸಂಜೆಯದ್ದೇ ಹಿತ.

ಸಕ್ಕರೆ ಇಳಿಯಿತಾ ಅಂತ ಕೇಳುವವರಿಗೆ: ಮನೆಯ ಗ್ಲೂಕೋಮೀಟರಿನಲ್ಲಿ ನೋಡಿದ್ದೇನೆ. ಮೂರು ಇಡ್ಲಿ ತಿಂದ ಎರಡು ಗಂಟೆಗೆ 180 ದಾಟುತ್ತಿದ್ದದ್ದು, ಮೊದಲು ಒಂದು ಬಟ್ಟಲು ಈ ಪಲ್ಯ ತಿಂದಾಗ 160ರ ಸುತ್ತ ನಿಂತ ದಿನಗಳಿವೆ, ನಿಲ್ಲದ ದಿನಗಳೂ ಇವೆ. ಬಾಟಲಿ ರಸದ ದಿನಗಳಲ್ಲಿ ಗುರುತಿಸುವಂಥ ವ್ಯತ್ಯಾಸವೇ ಇರಲಿಲ್ಲ. ಬೆಳಗಿನ ಫಾಸ್ಟಿಂಗ್ ಲೆಕ್ಕ ಯಾವುದಕ್ಕೂ ಜಗ್ಗಲಿಲ್ಲ. ಎಚ್‌ಬಿಎ1ಸಿ ಸ್ವಲ್ಪ ಇಳಿದಿದೆ, ಆದರೆ ಅದೇ ಸಮಯಕ್ಕೆ ರಾತ್ರಿ ಊಟವನ್ನು ಎಂಟರೊಳಗೆ ತಂದೆ, ಅನ್ನ ಅರ್ಧ ಮಾಡಿದೆ. ಕೀರ್ತಿಯನ್ನೆಲ್ಲ ಕಳ್ಳಿಗೆ ಕೊಡಲು ಮನಸ್ಸು ಒಪ್ಪುವುದಿಲ್ಲ. ಇನ್ನೊಂದು ಮಾತು: ಇಡ್ಲಿಗೆ ಮುಂಚೆ ಅಷ್ಟೇ ಹುರುಳಿಕಾಯಿ ಪಲ್ಯ ತಿಂದು ನೋಡಿದಾಗಲೂ ಮೀಟರು ಹೆಚ್ಚುಕಡಿಮೆ ಅದನ್ನೇ ತೋರಿಸಿತು. ತರಕಾರಿ ಮೊದಲು, ಹಿಟ್ಟಿನ ಪದಾರ್ಥ ಆಮೇಲೆ ಅನ್ನುವ ಹಳೇ ಉಪಾಯವೇ ಇಲ್ಲೂ ಕೆಲಸ ಮಾಡುತ್ತಿರುವಂತಿದೆ. 100 ಗ್ರಾಂ ಹಸಿ ಎಲೆಯಲ್ಲಿ ಕಾರ್ಬೋಹೈಡ್ರೇಟ್ ಒಟ್ಟು 3 ಗ್ರಾಂ ಚಿಲ್ಲರೆ, ಅದರಲ್ಲೂ 2 ಗ್ರಾಂ ನಾರು. ತರಕಾರಿಯಾಗಿ ಇದಕ್ಕಿಂತ ಒಳ್ಳೆಯದು ನಮಗೆ ಬೇಕೂ ಇಲ್ಲ.

ನಮ್ಮ ಡಾಕ್ಟರಿಗೆ ಹೇಳಿದಾಗ ಅವರು ನಗಲಿಲ್ಲ, ಬೈಯಲೂ ಇಲ್ಲ. ಮಾತ್ರೆ ಬಿಡುವ ಹಾಗಿಲ್ಲ ಅಂದರು. ಗ್ಲಿಮಿಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಕೇಳದೆ ಶುರು ಮಾಡಬಾರದು, ಸಕ್ಕರೆ ತೀರ ಕೆಳಗೆ ಬಿದ್ದು ಬೆವರು, ನಡುಕ ಬರಬಹುದು. ಎಲೆಯಲ್ಲಿ ಆಕ್ಸಲೇಟ್ ಇರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರೂ ಕೇಳಿಯೇ ತಿನ್ನಬೇಕು. ಮೊದಮೊದಲು ಹೊಟ್ಟೆ ಉಬ್ಬರಿಸುತ್ತದೆ, ಎರಡು ಚಮಚದಿಂದ ಶುರು ಮಾಡಿ.

ಗಿಡಕ್ಕೆ ನಾಲ್ಕು ಸ್ಟಾರ್, ಮನೆಯ ರಸಕ್ಕೆ ಎರಡೂವರೆ. ಬಾಟಲಿ ಕೊಳ್ಳಲೇಬೇಕು ಅನ್ನುವವರು ಹಿಂಬದಿ ತಿರುಗಿಸಿ ನಾರಿನಂಶದ ಸಾಲು ಹುಡುಕಿ. ಅಲ್ಲಿ 0 ಇದ್ದರೆ ಅದೇ ದುಡ್ಡನ್ನು ಗಾಂಧಿಬಜಾರಿಗೆ ತಗೊಂಡು ಹೋಗಿ, ಕೈಚೀಲದ ತುಂಬ ತರಕಾರಿ ಬರುತ್ತದೆ.