ಮನೋವೈದ್ಯರ ಮುಂದೆ ‘ಆರಾಮದೀನ್ರಿ’ ಅಂದು ಎದ್ದು ಬರಬೇಡಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಹಳ್ಳಿಯಿಂದ ಮನೋವೈದ್ಯರನ್ನು ಕಾಣಲು ಬಂದವರ ದಿನ ಹಾಳಾಗುವ ರೀತಿ ಹೆಚ್ಚುಕಡಿಮೆ ಒಂದೇ. ನಸುಕಿನ ಬಸ್ಸು ಹಿಡಿದು, ಚೀಟಿ ಮಾಡಿಸಿ, ಸರದಿಯಲ್ಲಿ ತಾಸುಗಟ್ಟಲೆ ಕುಳಿತು ಒಳಗೆ ಹೋಗುತ್ತಾರೆ. ಬೆನ್ನ ಹಿಂದೆ ಅತ್ತೆಯೋ ಗಂಡನೋ ನಿಂತಿರುತ್ತಾರೆ, ಬಾಗಿಲಲ್ಲಿ ಮುಂದಿನ ಸರದಿಯವರು ಇಣುಕುತ್ತಿರುತ್ತಾರೆ. "ಹೆಂಗದೀರಿ?" "ಆರಾಮದೀನ್ರಿ." ಮತ್ತೊಮ್ಮೆ ಕೇಳಿದರೆ, "ನಿದ್ದಿ ಬರಾಂಗಿಲ್ರಿ, ತೆಲಿ ನೋಯ್ತೈತಿ." ಉಳಿದದ್ದನ್ನು ಹಿಂದೆ ನಿಂತವರೇ ಪೂರೈಸುತ್ತಾರೆ: "ಸುಮ್ಮ ವಿಚಾರ ಮಾಡ್ತಾಳ್ರಿ, ಒಂದು ಗುಳಿಗಿ ಕೊಡ್ರಿ." ಐದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಹೇಳಬೇಕಾದ ಮಾತು ಬಸ್‌ಸ್ಟ್ಯಾಂಡಿನಲ್ಲಿ ಅಳುವಾಗ ನೆನಪಾಗುತ್ತದೆ.

ಸಕ್ಕರೆ ಕಾಯಿಲೆಯನ್ನು ರಕ್ತ ಹೇಳುತ್ತದೆ. ಖಿನ್ನತೆಗೆ ಅಂಥ ಪರೀಕ್ಷೆ ಇಲ್ಲ. ಥೈರಾಯ್ಡ್, ರಕ್ತಹೀನತೆ, ಬಿ12 ನೋಡುವುದು ಬೇರೆ ಕಾರಣ ಇದೆಯೋ ಏನೋ ಎಂದು ತಿಳಿಯಲಿಕ್ಕೆ. ರೋಗ ಯಾವುದೆಂದು ತೀರ್ಮಾನವಾಗುವುದು ನೀವು ಹೇಳಿದ್ದರ ಮೇಲೆ, ಹೇಳದ್ದು ಚೀಟಿಗೆ ಬರುವುದಿಲ್ಲ. ನಿದ್ದೆ ಇಲ್ಲ ಅಂತಷ್ಟೇ ಹೇಳಿದರೆ ನಿದ್ದೆಗೆ ಮಾತ್ರ ಔಷಧ ಸಿಗುತ್ತದೆ. ಆಲ್ಪ್ರಜೋಲಾಮ್ ಥರದ ಗುಳಿಗೆ ಕೆಲವೇ ವಾರದ ಮಟ್ಟಿಗೆ ಅಂತ ಬರೆದದ್ದು. ಅದೇ ಹಳೆ ಚೀಟಿ ಹಿಡಿದು ಊರಿನ ಮೆಡಿಕಲ್ ಅಂಗಡಿಯಲ್ಲಿ ಆರು ತಿಂಗಳು ಕೊಂಡರೆ ಚಟ ಹತ್ತುತ್ತದೆ, ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಲೂಬಹುದು. ಇದರ ಮೇಲೆ ಸಾರಾಯಿ ಕುಡಿದರೆ ಉಸಿರಿಗೇ ಅಪಾಯ. ಕುಡಿಯುವ ವಿಷಯ ಮುಚ್ಚಿಡುವವರೇ ಜಾಸ್ತಿ ಎನ್ನುವುದು ಇಲ್ಲಿನ ದೊಡ್ಡ ತೊಂದರೆ.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. ಈಗಿನ ಕುಸಿತ ಹೇಳುತ್ತಾರೆ, ಹಿಂದೊಮ್ಮೆ ಎರಡು ವಾರ ನಿದ್ದೆಯೇ ಬೇಡವಾಗಿ, ಮೈಯಲ್ಲಿ ಎಲ್ಲಿಲ್ಲದ ಶಕ್ತಿ ಬಂದು, ಸಾಲ ಎತ್ತಿ ಬೋರು ಕೊರೆಸಿದ್ದನ್ನು ಹೇಳುವುದಿಲ್ಲ. ಅದನ್ನು ರೋಗ ಅಂತ ಯಾರೂ ಎಣಿಸುವುದಿಲ್ಲವಲ್ಲ! ಬೈಪೋಲಾರ್, ಅಂದರೆ ಕುಸಿತ ಹುರುಪು ಎರಡೂ ಬಂದು ಹೋಗುವ ಕಾಯಿಲೆ, ಇರುವವರಿಗೆ ಬರೀ ಖಿನ್ನತೆಯ ಗುಳಿಗೆ ಕೊಟ್ಟರೆ ಆ ಹುಚ್ಚು ಹುರುಪು ಮತ್ತೆ ಕೆರಳಬಹುದು. ಕಿವಿಯಲ್ಲಿ ಯಾರೋ ಮಾತಾಡಿದಂತಾಗುವುದು, ಮೈಮೇಲೆ ದೇವರು ಬರುವುದು, ನಾಟಿ ಔಷಧ ತಿಂದದ್ದು, ಇವನ್ನೂ ಹೇಳಿ. ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಕ್ಕೆ ಯಾರೂ ಬೈಯುವುದಿಲ್ಲ, ಬೈದರೆ ಅವರದೇ ತಪ್ಪು.

ಇದಕ್ಕೆ ಕೆಲಸಕ್ಕೆ ಬರುವ ಉಪಾಯ ಒಂದು ಕಾಗದ. ಹಿಂದಿನ ದಿನ ಮನೆಯಲ್ಲೇ ಕುಳಿತು ಅರ್ಧ ಹಾಳೆಯಲ್ಲಿ ಎಂಟು ಹತ್ತು ಸಾಲು ಬರೆಯಿರಿ. ಎರಡು ಪುಟ ಬರೆದರೆ ಆ ಸರದಿಯಲ್ಲಿ ಯಾರಿಗೂ ಓದಲು ಹೊತ್ತಿರುವುದಿಲ್ಲ. ಒಳಗೆ ಹೋದ ತಕ್ಷಣ, ಬಾಯಿ ತೆರೆಯುವ ಮೊದಲೇ ಡಾಕ್ಟರ ಕೈಗೆ ಕೊಡಿ. ಮನೆಮಾತಿನಲ್ಲಿದ್ದರೆ ಸಾಕು, ಹೀಗೆ:

"ಜೋರಾಗಿ ಓದಬ್ಯಾಡ್ರಿ. ನನ್ನ ಒಬ್ಬಾಕಿನ್ನ ಕೇಳ್ರಿ. ಮೂರು ವಾರದಿಂದ ರಾತ್ರಿ 3ಕ್ಕ ಎಚ್ಚರಾಗತೈತಿ, ಮತ್ತ ನಿದ್ದಿ ಹತ್ತಾಂಗಿಲ್ಲ. ಮೊದಲ ಮೂರು ರೊಟ್ಟಿ ತಿಂತಿದ್ದೆ, ಈಗ ಒಂದೂ ಇಳಿಯಾಂಗಿಲ್ಲ. ಮುಂಜಾನಿ ಸಂಕಟ ಹೆಚ್ಚು, ಸಂಜಿಗೆ ಸ್ವಲ್ಪ ಹಗುರ. ಹೊಲಕ್ಕ ಹೋಗದ 10 ದಿನ ಆತು. ಸತ್ತರ ಚೊಲೊ ಅನಸತೈತಿ, ವಾರದಾಗ ಎರಡು ಸಲ. ಹಿಂದಿನ ಗುಳಿಗಿ ನಾಕು ದಿನ ತಗೊಂಡು ಬಿಟ್ಟೀನಿ, ವಾಂತಿ ಬಂದಂಗ ಆಗತಿತ್ತು."

ಮೊದಲೆರಡು ಸಾಲು ಕಾಗದದ ಮೇಲ್ತುದಿಯಲ್ಲೇ ಇರಲಿ. ಕೆಳಗೆ ಬರೆದರೆ ಅಷ್ಟರೊಳಗೆ ಡಾಕ್ಟರು ಅತ್ತೆಯ ಎದುರೇ ಜೋರಾಗಿ ಓದಿಬಿಟ್ಟಿರುತ್ತಾರೆ. ಜೊತೆಗೆ ಬಂದವರನ್ನು ಹೊರಗೆ ಕಳಿಸಲು ಸೊಸೆಗೆ ಬಾಯಿ ಬರುವುದಿಲ್ಲ, ಡಾಕ್ಟರಿಗೆ ಅದು ಒಂದು ಮಾತು. ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು, ಜೀವಕ್ಕೆ ಅಪಾಯ ಕಂಡಾಗಿನಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆಯವರಿಗೆ ತಿಳಿಸಬಹುದು. ಹಾಗಂತ ಮನೆಯವರನ್ನು ಪೂರ್ತಿ ದೂರವಿಡಬೇಡಿ. ಹುರುಪು ಏರಿದವರಿಗೆ, ಸಂಶಯ ಹೆಚ್ಚಿದವರಿಗೆ ತಮ್ಮ ಬದಲಾವಣೆ ತಮಗೇ ಗೊತ್ತಾಗುವುದಿಲ್ಲ. ಮನೆಯವರ ಮಾತು ಬೇಕು, ಆದರೆ ಅದು ನಿಮ್ಮ ಮಾತಿನ ನಂತರ.

"ಬಾಳ ಬ್ಯಾಸರ" ಅಂತ ಬರೆದು ನಿಲ್ಲಿಸಬೇಡಿ. ಎಷ್ಟು ದಿನದಿಂದ, ಯಾವ ಹೊತ್ತು, ಏನು ಕೆಲಸ ನಿಂತಿತು ಎಂಬುದು ಬೇಕು. ಆಸ್ಪತ್ರೆಗಳಲ್ಲಿ ಬಳಸುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯೂ ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹೀಗಾಯಿತು ಎಂದೇ ಕೇಳುತ್ತದೆ. ಪ್ರತಿ ಪ್ರಶ್ನೆಗೆ 0ರಿಂದ 3, ಒಟ್ಟು 27. ನಾಚಿಕೆಗೆ ಎಲ್ಲದಕ್ಕೂ ಸೊನ್ನೆ ಹಾಕಿದರೆ ಕಾಯಿಲೆಯೂ ಸೊನ್ನೆಯಾಗಿ ಕಾಣುತ್ತದೆ.

ಅದರ ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಪೊಲೀಸ್ ಕೇಸ್ ಆದೀತೆಂಬ ಹೆದರಿಕೆಯಿಂದ ಜನ ಇಲ್ಲಿಯೇ ಸುಳ್ಳು ಹೇಳುತ್ತಾರೆ. ಯೋಚನೆ ಬಂತೆಂದು ಹೇಳುವುದು ಅಪರಾಧವಲ್ಲ. ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ಮೊದಲು ಭಾವಿಸಬೇಕು, ಶಿಕ್ಷಿಸಬಾರದು ಎಂದು ಅದೇ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ಮನೆಯಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕದ ಎಣ್ಣೆ ಡಬ್ಬಿ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಅವತ್ತೇ ಬೇರೆಯವರ ಮನೆಯಲ್ಲಿ ಬೀಗದೊಳಗೆ ಇಡಿಸಿ. ಯೋಚನೆ ಜೋರಾಗಿದ್ದರೆ ಒಪಿಡಿ ದಿನಕ್ಕೆ ಕಾಯಬೇಡಿ, ಯಾವ ಹೊತ್ತಾದರೂ ಜಿಲ್ಲಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಒಬ್ಬರೇ ಹೋಗಬೇಡಿ.

ಬರೆಯಲು ಬಾರದವರು ಫೋನಿನಲ್ಲಿ ರೆಕಾರ್ಡ್ ಮಾಡಿ ತರುತ್ತಾರೆ. ಒಪಿಡಿ ಗದ್ದಲದಲ್ಲಿ ಅದು ಕೇಳಿಸುವುದಿಲ್ಲ, ಕೇಳಿಸಿದರೆ ಬಾಗಿಲಲ್ಲಿ ನಿಂತವರಿಗೂ ಕೇಳಿಸುತ್ತದೆ. ಅದಕ್ಕಿಂತ ಹಿಂದಿನ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡುವುದು ಒಳ್ಳೆಯದು. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ. ಒಮ್ಮೆ ಬಾಯಿಬಿಟ್ಟು ಹೇಳಿದ ಮಾತು ಮರುದಿನ ಅಷ್ಟು ಕಷ್ಟವಾಗುವುದಿಲ್ಲ.

ಐದು ನಿಮಿಷ ಸಾಲದು ಅನ್ನಿಸಿದರೆ ಅದೇ ವಿಭಾಗದ ಸೈಕಾಲಜಿಸ್ಟ್ ಅಥವಾ ಸಮಾಜ ಕಾರ್ಯಕರ್ತರನ್ನು ಕೇಳಿ, ಮಾತಿಗೆ ಅವರಲ್ಲಿ ಹೆಚ್ಚು ಹೊತ್ತಿರುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಇಂಥ ಹುದ್ದೆಗಳಿವೆ, ಭರ್ತಿಯಾಗಿರಬೇಕು ಅಷ್ಟೆ. ಅಂದಹಾಗೆ, 1996ರಲ್ಲಿ ದೇಶಕ್ಕೆ ಬಂದ ಆ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿದ ಪ್ರಯೋಗ.

ಏಳುವ ಮೊದಲು ಎರಡು ಪ್ರಶ್ನೆ ಕೇಳಿ: ಇದು ಯಾವುದಕ್ಕೆ ಗುಳಿಗೆ, ಎಷ್ಟು ದಿನಕ್ಕೆ ಗುಣ ಕಾಣುತ್ತದೆ. ಸರ್ಟ್ರಲಿನ್, ಎಸ್ಸಿಟಲೋಪ್ರಾಮ್ ಥರದ ಖಿನ್ನತೆಯ ಗುಳಿಗೆ ಗುಣ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಹೊಟ್ಟೆ ತೊಳಸುವುದು, ತಲೆನೋವು ಬರುವುದು ಮೊದಲ ವಾರದಲ್ಲಿ, ಜನ ಗುಳಿಗೆ ಬಿಡುವುದೂ ಆಗಲೇ. ದಾಂಪತ್ಯದಲ್ಲಿ ಆಸಕ್ತಿ ಕಡಿಮೆಯಾದರೆ ಅದೂ ಗುಳಿಗೆಯದಿರಬಹುದು, ಹೇಳಿದರೆ ಬದಲಿಸುತ್ತಾರೆ. ಬಾಯಲ್ಲಿ ಹೇಳಲು ಆಗದಿದ್ದರೆ ಮುಂದಿನ ಸಲದ ಕಾಗದದಲ್ಲಿ ಬರೆಯಿರಿ, ಹಳೆ ಕಾಗದವನ್ನೂ ಚೀಟಿಗೆ ಪಿನ್ ಮಾಡಿ ಒಯ್ಯಿರಿ. ಮುಂದಿನ ಸಲ ಅದೇ ಡಾಕ್ಟರು ಸಿಗುತ್ತಾರೆಂಬ ಭರವಸೆ ಇಲ್ಲ.