ಪಿಕಪ್ ಹೊಟ್ಟೆಗೆ ಅಲ್ಯೂಮಿನಿಯಮ್ಮೋ ಸ್ಟೀಲೋ? ಎರಡನ್ನೂ ಹಾಕಿಸಿ ನೋಡಿದವನ ಮಾತು

ಮಾತು ಸ್ಕಿಡ್ ಪ್ಲೇಟ್ ಬಗ್ಗೆ, ಅಂದರೆ ಕಲ್ಲು ಬಡಿಯದಂತೆ ಗಾಡಿಯ ಹೊಟ್ಟೆಗೆ ಬಿಗಿಯುವ ದಪ್ಪ ಹಾಳೆ. ಮೊದಲೇ ಹೇಳಿಬಿಡುತ್ತೇನೆ, ಈಗ ನನ್ನ ಗಾಡಿಯ ಕೆಳಗಿರುವುದು ಸ್ಟೀಲ್. ಅದಕ್ಕೂ ಮುಂಚೆ ಎರಡು ಮಳೆಗಾಲ ಅಲ್ಯೂಮಿನಿಯಂ ಇತ್ತು. ಎರಡಕ್ಕೂ ನನ್ನ ಜೇಬಿನಿಂದಲೇ ದುಡ್ಡು ಹೋಗಿದೆ, ಹಾಗಾಗಿ ಯಾರನ್ನೂ ಹೊಗಳುವ ದರ್ದು ನನಗಿಲ್ಲ. ಕಂಪನಿ ಹೆಸರು, ಅಂಗಡಿ ಹೆಸರು ಕೇಳಬೇಡಿ, ಬರೆಯುವುದಿಲ್ಲ.

ಗಾಡಿ ಫೋರ್ ವೀಲ್ ಡ್ರೈವ್ ಡೀಸೆಲ್ ಪಿಕಪ್. ಕಾಫಿ ತೋಟ ಕೊಡಗಿನ ಗಾಳಿಬೀಡು ಕಡೆ. ಮನೆಯಿಂದ ಹೊಳೆಬದಿಯ ತೋಟಕ್ಕೆ ಇಳಿಯುವ ದಾರಿ ಒಂದೂವರೆ ಕಿಲೋಮೀಟರ್ ಇರಬಹುದು, ಆದರೆ ಪ್ರತಿ ವರ್ಷ ಅದು ಬೇರೆಯೇ ದಾರಿ. ಮಳೆಯನ್ನು ನಾವು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಡೈರಿಯಲ್ಲಿ ಬರೆದಿಡುತ್ತೇವಲ್ವಾ, ಅಷ್ಟೂ ಇಂಚು ಆ ದಾರಿ ಮೇಲೆಯೇ ಹರಿದು ಹೋಗುತ್ತದೆ. ಹೋದ ವರ್ಷ ಮಣ್ಣಿನೊಳಗಿದ್ದ ಕಲ್ಲು ಈ ವರ್ಷ ತಲೆ ಎತ್ತಿರುತ್ತದೆ.

ಅಂಥ ಒಂದು ಕಲ್ಲೇ ನನಗೆ ಈ ಪಾಠ ಕಲಿಸಿದ್ದು. ಮಳೆ ನಿಂತ ಮೇಲೆ ಗೊಬ್ಬರ ಹಾಕುವ ಸಮಯ, ಹಿಂದೆ ಹದಿನೈದು ಮೂಟೆ ಇತ್ತು. ಇಳಿಜಾರಿನಲ್ಲಿ ಮುಂದಿನ ಚಕ್ರ ಗುಂಡಿಗೆ ಬಿತ್ತು, ಕೆಳಗಿನಿಂದ ಠಣ್ ಅಂತ ಸದ್ದು. ಇಳಿದು ಬಗ್ಗಿ ನೋಡಿದರೆ ಕಂಪನಿಯಿಂದ ಬಂದ ತಗಡು ಮಡಚಿಕೊಂಡು ಒಳಗೆ ಹೋಗಿದೆ, ಅದರ ಅಂಚಿನಿಂದ ಎಣ್ಣೆ ಹನಿಯುತ್ತಿದೆ. ಫೋನಿನಲ್ಲಿ ಮೆಕ್ಯಾನಿಕ್ ಮೊದಲು ಕೇಳಿದ್ದು, "ಸಾರ್, ಇಂಜಿನ್ ಆಫ್ ಮಾಡಿದ್ದೀರಲ್ವಾ?" ಆಮೇಲೆ, "ಚೇಂಬರ್ ಒಡೆದಿದೆ, ಸ್ಟಾರ್ಟ್ ಮಾಡಲೇಬೇಡಿ." ಚೇಂಬರ್ ಅಂದರೆ ಇಂಜಿನ್ ಅಡಿಯ ಎಣ್ಣೆ ತೊಟ್ಟಿ. ಗಾಡಿಯನ್ನು ಟ್ರ್ಯಾಕ್ಟರ್ ಎಳೆದುಕೊಂಡು ಮೇಲೆ ಬಂತು. ಮೂಟೆಗಳು ತಲೆ ಮೇಲೆ ಕೆಳಗೆ ಹೋದವು.

ನಮ್ಮ ಅಪ್ಪನ ಕಾಲದ ಜೀಪು ಇದೇ ದಾರಿಯಲ್ಲಿ ವರ್ಷಗಟ್ಟಲೆ ಓಡಿದೆ, ಕೆಳಗೆ ಒಂದು ತಗಡೂ ಇರಲಿಲ್ಲ. ಅದಕ್ಕೆ ಕಾರಣ ಇದೆ. ಹಳೇ ಜೀಪಿನ ಮುಂದಿನ ಆಕ್ಸೆಲ್ ಒಂದೇ ಗಟ್ಟಿ ದಿಮ್ಮಿ, ಸ್ಪ್ರಿಂಗ್ ಪಟ್ಟಿ ಮೇಲೆ ಕೂತಿರುತ್ತದೆ. ಕಲ್ಲು ಬಂದರೆ ಸಾಮಾನ್ಯವಾಗಿ ಮೊದಲು ಆಕ್ಸೆಲ್ಲಿಗೇ ಬಡಿಯುತ್ತದೆ, ಚೇಂಬರ್ ಅದರ ಹಿಂದೆ, ಮೇಲೆ. ಈಗಿನ ಪಿಕಪ್‌ಗಳಲ್ಲಿ ಮುಂದಿನ ಎರಡು ಚಕ್ರ ಬೇರೆ ಬೇರೆಯಾಗಿ ಕುಣಿಯುತ್ತವೆ. ರಸ್ತೆಯಲ್ಲಿ ಆರಾಮ, ನಿಜ. ಆದರೆ ಸಸ್ಪೆನ್ಷನ್ ಕುಗ್ಗಿದಾಗ ಮುಂದಿನ ಕ್ರೌನು (ಎರಡು ಚಕ್ರಕ್ಕೂ ಶಕ್ತಿ ಹಂಚುವ ಗೇರು), ಚೇಂಬರ್ ಎಲ್ಲ ಬಾಡಿ ಜೊತೆಗೇ ಕೆಳಗೆ ಬರುತ್ತವೆ. ಬ್ರೋಷರಿನಲ್ಲಿ ಬರೆದ ಗ್ರೌಂಡ್ ಕ್ಲಿಯರೆನ್ಸ್ ಆ ಕ್ಷಣಕ್ಕೆ ಲೆಕ್ಕಕ್ಕಿಲ್ಲ.

ಸರಿ, ಮೊದಲು ತರಿಸಿದ್ದು ಅಲ್ಯೂಮಿನಿಯಂ ಸ್ಕಿಡ್ ಪ್ಲೇಟ್, 6 ಮಿಲಿಮೀಟರ್ ದಪ್ಪ, ಇಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಮೂರಕ್ಕೂ. ಪೆಟ್ಟಿಗೆ ಬಿಚ್ಚಿದಾಗ ಖುಷಿಯಾಗಿದ್ದು ಸುಳ್ಳಲ್ಲ. ಅಲ್ಯೂಮಿನಿಯಂ ತೂಕ ಸ್ಟೀಲಿನ ಸುಮಾರು ಮೂರನೇ ಒಂದು ಭಾಗ. ಒಂದು ಮೀಟರ್ ಉದ್ದ, 80 ಸೆಂಟಿಮೀಟರ್ ಅಗಲದ ಹಾಳೆ ಅಂದುಕೊಳ್ಳಿ, 6 ಮಿಲಿಮೀಟರ್ ಅಲ್ಯೂಮಿನಿಯಂ 13 ಕಿಲೋ ಬರುತ್ತದೆ, 4 ಮಿಲಿಮೀಟರ್ ಸ್ಟೀಲ್ 25 ಕಿಲೋ. ಅರ್ಧ ತೂಕವಾದರೂ ಬಾಗದೆ ನಿಲ್ಲುವುದರಲ್ಲಿ ಆ ದಪ್ಪದ ಅಲ್ಯೂಮಿನಿಯಂ ಆ ಸ್ಟೀಲಿಗಿಂತ ಕಡಿಮೆ ಏನಲ್ಲ. "ಅಲ್ಯೂಮಿನಿಯಂ ಅಂದರೆ ಪಾತ್ರೆ ತರ ಮೆತ್ತಗೆ" ಅನ್ನುವವರ ಮಾತು ನಂಬಬೇಡಿ. ಎರಡು ವರ್ಷದಲ್ಲಿ ನನ್ನ ಪ್ಲೇಟ್ ಒಮ್ಮೆಯೂ ಮಡಚಲಿಲ್ಲ, ಚೇಂಬರಿಗೆ ಒಂದು ಗೀರೂ ಬೀಳಲಿಲ್ಲ.

ತೊಂದರೆ ಬೇರೆ ಕಡೆ ಇತ್ತು.

ಒಂದು, ಅದು ಕಲ್ಲಿನ ಮೇಲೆ ಜಾರುವುದಿಲ್ಲ. ಮಾಂದಲಪಟ್ಟಿ ಬೆಟ್ಟಕ್ಕೆ ಹತ್ತುವ ಕೊನೆಯ ತುಂಡು ನೋಡಿದ್ದೀರಲ್ವಾ, ಬಾಡಿಗೆ ಜೀಪುಗಳು ಟೂರಿಸ್ಟ್‌ಗಳನ್ನು ಅಲ್ಲಾಡಿಸಿಕೊಂಡು ಹೋಗುವ ಜಾಗ. ನೆಂಟರನ್ನು ಕರೆದುಕೊಂಡು ಹೋದಾಗ ಅಲ್ಲಿ ಒಂದು ಮೆಟ್ಟಿಲಿನಂಥ ಕಲ್ಲಿನ ಮೇಲೆ ಗಾಡಿ ಕೂತುಬಿಟ್ಟಿತು. ಅಲ್ಯೂಮಿನಿಯಂ ಕಲ್ಲಿಗಿಂತ ತುಂಬಾ ಮೆದು, ಕಲ್ಲಿನ ಮೂಲೆ ಅದರೊಳಗೆ ನೇಗಿಲಿನ ತರ ಇಳಿಯುತ್ತದೆ, ಗಾಡಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಸ್ಟೀಲ್ ಆಗಿದ್ದರೆ ಕರ್ಕಶವಾಗಿ ಕಿರುಚಿಕೊಂಡಾದರೂ ಜಾರಿ ಮುಂದೆ ಹೋಗುತ್ತಿತ್ತು. ಮನೆಗೆ ಬಂದು ನೋಡಿದರೆ ಪ್ಲೇಟಿನಲ್ಲಿ ಗೇಣುದ್ದದ ಸಾಲು, ಬೆರಳಿಟ್ಟರೆ ಉಗುರು ಪೂರ್ತಿ ಒಳಗೆ ಹೋಗುತ್ತಿತ್ತು.

ಎರಡನೆಯದೇ ನನ್ನ ಅಸಲಿ ಸಿಟ್ಟು, ಬೋಲ್ಟು. ಅಲ್ಯೂಮಿನಿಯಂಗೆ ತುಕ್ಕು ಇಲ್ಲ ಅಂತ ಮಾರುವವರು ಹೇಳುತ್ತಾರೆ, ಸರಿಯೇ. ಆದರೆ ಅದನ್ನು ಸ್ಟೀಲ್ ಬೋಲ್ಟಿನಿಂದ ಸ್ಟೀಲ್ ಚಾಸಿಸ್ಸಿಗೆ ಬಿಗಿಯುತ್ತೀರಿ. ಎರಡು ಬೇರೆ ಲೋಹ ತಾಗಿಕೊಂಡು ನಡುವೆ ನೀರು ನಿಂತರೆ ಅದು ಬ್ಯಾಟರಿ ತರ ಕೆಲಸ ಮಾಡುತ್ತದೆ, ಅಲ್ಯೂಮಿನಿಯಂ ನಿಧಾನವಾಗಿ ತಿಂದುಹೋಗುತ್ತದೆ. ನಮ್ಮಲ್ಲಿ ನಾಲ್ಕು ತಿಂಗಳು ಗಾಡಿ ಒಣಗುವುದೇ ಇಲ್ಲ. ಎರಡನೇ ವರ್ಷ ಆಯಿಲ್ ಬದಲಿಸಲು ಹೋದಾಗ ಬೋಲ್ಟಿನ ಸುತ್ತ ಬಿಳಿ ಹಿಟ್ಟಿನಂಥದ್ದು ಗಟ್ಟಿಯಾಗಿ ಕೂತಿತ್ತು. ಎರಡು ಬೋಲ್ಟ್ ತಲೆ ಮುರಿಯಿತು, ಒಂದನ್ನು ಡ್ರಿಲ್ ಮಾಡಿ ತೆಗೆದರು. ಅರ್ಧ ಗಂಟೆಯ ಕೆಲಸಕ್ಕೆ ಅರ್ಧ ದಿನ ಹೋಯಿತು. ಬೋಲ್ಟಿಗೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ ಸೀಜ್ ಗ್ರೀಸ್ ಹಚ್ಚಿ, ನಡುವೆ ನೈಲಾನ್ ವಾಷರ್ ಹಾಕಿದ್ದರೆ ಇಷ್ಟು ಆಗುತ್ತಿರಲಿಲ್ಲ. ಹಾಕಿಕೊಟ್ಟವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಸಾಲು ಬಿದ್ದ ಜಾಗಕ್ಕೆ ವೆಲ್ಡಿಂಗ್ ಮಾಡಿಸೋಣ ಅಂದರೆ ಅದಕ್ಕೆ ಆರ್ಗಾನ್ ವೆಲ್ಡಿಂಗ್ ಬೇಕು. ಗೇಟು, ಗ್ರಿಲ್ಲು ಮಾಡುವವರು ಕೈಚೆಲ್ಲಿದರು.

ಅಲ್ಲಿಗೆ ಸ್ಟೀಲಿಗೆ ಬಂದೆ. ಕುಶಾಲನಗರದಲ್ಲಿ ಒಬ್ಬ ಫ್ಯಾಬ್ರಿಕೇಷನ್‌ನವರು 4 ಮಿಲಿಮೀಟರ್ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿನಲ್ಲಿ, ಅಲ್ಯೂಮಿನಿಯಂ ಪ್ಲೇಟನ್ನೇ ಅಳತೆಗೆ ಇಟ್ಟುಕೊಂಡು ಮಾಡಿಕೊಟ್ಟರು. ಖರ್ಚು ಅಲ್ಯೂಮಿನಿಯಂ ಸೆಟ್ಟಿನ ಅರ್ಧಕ್ಕಿಂತ ಕಡಿಮೆ. ಕೆಲಸ ಚೆನ್ನಾಗಿದೆ. ಬೋಲ್ಟಿನ ತಲೆ ಕಲ್ಲಿಗೆ ಸವೆಯದಂತೆ ಪ್ರತಿಯೊಂದರ ಸುತ್ತ ದಪ್ಪ ಉಂಗುರ ವೆಲ್ಡ್ ಮಾಡಿದ್ದಾರೆ, ಇದು ನಾನು ಹೇಳದೆಯೇ ಮಾಡಿದ್ದು. ಪ್ಲೇಟುಗಳ ಹಿಂದಿನ ಅಂಚನ್ನೂ ಸ್ವಲ್ಪ ಮೇಲಕ್ಕೆ ಮಡಚಲು ಹೇಳಿ, ತೋಟದಲ್ಲಿ ರಿವರ್ಸ್ ಬರುವುದೇ ಜಾಸ್ತಿ ಅಲ್ವಾ, ನೇರ ಅಂಚು ಬಿಟ್ಟರೆ ಗುದ್ದಲಿ ತರ ಮಣ್ಣು ಅಗೆಯುತ್ತದೆ. ಆಯಿಲ್ ಡ್ರೈನ್ ತೂತು ಮಾತ್ರ ಒಂದಿಂಚು ಆಚೆ ಹಾಕಿದ್ದರು, ಮತ್ತೆ ಹೋಗಿ ದೊಡ್ಡದು ಮಾಡಿಸಿಕೊಂಡು ಬಂದೆ.

ತೂಕ? ಕಣದ ತೂಕದ ಯಂತ್ರದಲ್ಲಿ ಇಟ್ಟು ನೋಡಿದೆ, ಮೂರೂ ಸೇರಿ 46 ಕಿಲೋ. ಅಂದರೆ ಹತ್ತಿರ ಹತ್ತಿರ ಒಂದು ಮೂಟೆ ಕಾಫಿ ಚೆರ್ರಿ (ಒಣಗಿಸಿದ ಹಣ್ಣು) ಯಾವಾಗಲೂ ಮುಂದುಗಡೆ ಕಟ್ಟಿಕೊಂಡು ಓಡಾಡಿದ ಹಾಗೆ. ಗಾಡಿಯ ಮೂತಿ ಸ್ವಲ್ಪ ಬಗ್ಗಿದೆ. ಮೈಲೇಜಿನಲ್ಲಿ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಪೌಡರ್ ಕೋಟಿಂಗ್ ಮಾಡಿಸಬೇಡಿ, ಸುಮ್ನೆ ದುಡ್ಡು ದಂಡ. ಮೊದಲ ಕಲ್ಲಿಗೇ ಕಿತ್ತು ಬರುತ್ತದೆ, ಆಮೇಲೆ ಅದರಡಿ ನೀರು ಸೇರಿಕೊಂಡು ಒಳಗೊಳಗೇ ತುಕ್ಕು ಹಿಡಿಯುತ್ತದೆ. ನಾನು ಪ್ರೈಮರ್ ಮೇಲೆ ಮಾಮೂಲಿ ಕಪ್ಪು ಪೇಂಟ್ ಹೊಡೆದಿದ್ದೇನೆ, ಮಳೆ ಮುಗಿದ ಮೇಲೆ ವರ್ಷಕ್ಕೊಮ್ಮೆ ಉಜ್ಜಿ ಮತ್ತೆ ಹೊಡೆಯುವುದು. ಒಮ್ಮೆ ಮುಂದಿನ ಪ್ಲೇಟ್ ಬಡಿದು ಒಳಗೆ ತಗ್ಗಿತ್ತು, ಬಿಚ್ಚಿ ಗ್ಯಾಸ್‌ನಲ್ಲಿ ಕಾಯಿಸಿ ಸುತ್ತಿಗೆಯಲ್ಲಿ ನಾಲ್ಕು ಬಿಟ್ಟರು, ನೆಟ್ಟಗಾಯಿತು. ಟೀ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಇನ್ನೊಂದು ವಿಷಯ ಯಾವ ಲೋಹಕ್ಕಾದರೂ ಒಂದೇ. ಪ್ಲೇಟಿನ ಮೇಲೆ ಕೆಸರು ಕೂರುತ್ತದೆ, ಬೇಸಿಗೆಯಲ್ಲಿ ಸಿಲ್ವರ್ ಓಕ್ ಎಲೆ ಕೂರುತ್ತದೆ. ಈಗಿನ ಡೀಸೆಲ್ ಗಾಡಿಗಳಲ್ಲಿ ಹೊಗೆ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುದ್ಧ ಮಾಡಿಕೊಳ್ಳುವಾಗ ಒಳಗೆ 600 ಡಿಗ್ರಿ ಆಸುಪಾಸು ಬಿಸಿ ಇರುತ್ತದೆ. ಹತ್ತಿರದಲ್ಲಿ ಒಣ ಎಲೆ ಇದ್ದರೆ ಏನಾಗಬಹುದು ನೀವೇ ಯೋಚಿಸಿ. ಫೆಬ್ರವರಿಯಲ್ಲಿ ನನ್ನ ಪ್ಲೇಟ್ ಬಿಚ್ಚಿದಾಗ ಒಂದು ಬುಟ್ಟಿ ಎಲೆ ಬಂತು, ಜೊತೆಗೆ ಒಂದು ಇಲಿ ಗೂಡು. ಕೈ ಹಾಕಿ ಎಳೆಯುವಷ್ಟು ದೊಡ್ಡ ತೂತು ಬಿಡಿಸಿಕೊಳ್ಳಿ, ಪೈಪ್ ಹಿಡಿದು ನೀರು ಬಿಟ್ಟರೆ ಕೆಳಗೆ ಇಳಿದು ಹೋಗುವ ಹಾಗಿರಲಿ.

ನಿಮ್ಮ ಗಾಡಿ ಹೆಚ್ಚಾಗಿ ಬೆಂಗಳೂರು, ಮೈಸೂರು ಅಂತ ಹೈವೇಯಲ್ಲೇ ಇದ್ದು, ತಿಂಗಳಿಗೊಮ್ಮೆ ಮಾತ್ರ ಊರಿನ ಕಲ್ಲು ದಾರಿ ನೋಡುವುದಾದರೆ ಅಲ್ಯೂಮಿನಿಯಮ್ಮೇ ತಗೊಳ್ಳಿ, ವಾಷರ್ ಮರೆಯಬೇಡಿ. ದಿನಾ ತೋಟದೊಳಗೆ ಓಡುವ ಗಾಡಿಗೆ ನಾನಂತೂ ಇನ್ನು ಸ್ಟೀಲ್ ಬಿಟ್ಟು ಬೇರೆ ಹಾಕಿಸುವುದಿಲ್ಲ. ಮುಂದೆ ಸ್ಟೀಲ್, ಹಿಂದೆ ಡೀಸೆಲ್ ಟ್ಯಾಂಕಿಗೆ ಅಲ್ಯೂಮಿನಿಯಂ ಅಂತ ಮಿಶ್ರ ಮಾಡುವವರೂ ಇದ್ದಾರೆ, ಅದೂ ಸರಿಯೇ, ಎರಡೂ ಒಂದಕ್ಕೊಂದು ತಾಗುವ ಕಡೆ ರಬ್ಬರ್ ಹಾಳೆ ಇಡಿ.

ಹಳೇ ಅಲ್ಯೂಮಿನಿಯಂ ಸೆಟ್ ಇನ್ನೂ ನಮ್ಮ ಗೋದಾಮಿನಲ್ಲಿದೆ. ಇಂಜಿನ್ ಪ್ಲೇಟಿನಲ್ಲಿ ಆ ಒಂದು ಸಾಲು ಬಿಟ್ಟರೆ ಚೆನ್ನಾಗಿಯೇ ಇದೆ. ಹೈವೇ ಗಾಡಿಯವರು ಯಾರಿಗಾದರೂ ಬೇಕಿದ್ದರೆ ಹೇಳಿ, ಇಲ್ಲದಿದ್ದರೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಗುಂಡಿಗೆ ಮುಚ್ಚಳ ಮಾಡುತ್ತೇನೆ ಅಂತ ಅಪ್ಪ ಆಗಲೇ ಅಳತೆ ತೆಗೆದುಕೊಂಡಿದ್ದಾರೆ.